ಎಲ್ಲ ಕಾಲೇಜಿಗೂ ಒಂದೇ ಪ್ರಶ್ನೆ

ಶಿಕಾರಿಪುರದಿಂದ ಸೊರಬದ ನಮ್ಮ ಶಾಲೆಗೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ವಿಜ್ಞಾನದ ಮೇಡಂಗೆ ಶಾಲಾ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಹಂಬಲ. ಕಿಟಕಿ ಪಕ್ಕ ಕೂತು, ಗಾಳಿಯ ಸದ್ದಿಗೆ ಸೆರಗು ಅಡ್ಡ ಹಿಡಿದು, ಫೋನಿನಲ್ಲಿ ಎಲ್ಲ ಕಾಲೇಜಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಒಬ್ಳಿದಾಳ್ರೀ, ಏನ್ಮಾಡ್ಬೇಕು?” ಎಲ್ಲರೂ ತಕ್ಷಣ ಉತ್ತರ ಕೊಡುತ್ತಿದ್ದರು. ಇವರು “ಹೌದೇನ್ರೀ” ಎಂದು ಫೋನ್ ಇಡುತ್ತಿದ್ದರು.

ಒಂದು ಬೆಳಿಗ್ಗೆ ಮಾತ್ರ ಫೋನ್ ಇಟ್ಟವರೇ ನನ್ನತ್ತ ತಿರುಗಿದರು. “ಇಲ್ಲೇ ಸೇರ್ತೀನ್ರೀ. ಈ ಪ್ರೊಫೆಸರ್ ಉತ್ರನೇ ಹೇಳ್ಲಿಲ್ಲ. ಆಟಕ್ಕೆ ಬಿಟ್ಟಾಗ ಅವ್ಳು ಯಾರ ಜೊತೆ ಮಾತಾಡ್ತಾಳೆ ಅಂತ ನನ್ನೇ ಕೇಳಿದ್ರು. ನಂಗೆ ಗೊತ್ತೇ ಇರ್ಲಿಲ್ಲ ನೋಡ್ರಿ.”

ಅಂದು ಬಿಡುವಿನಲ್ಲಿ ಸ್ಟಾಫ್‌ರೂಮಿನಲ್ಲಿ ಅವರ ಚಹಾ ಆರುತ್ತಿತ್ತು. ಅವರು ನಲ್ಲಿಕಟ್ಟೆಯ ಮೇಲೆ, ಹುಡುಗಿಯರ ಮಧ್ಯೆ, ಯಾವ ಪ್ರಶ್ನೆಯನ್ನೂ ಕೇಳದೆ ಕೂತಿದ್ದರು.