ಕೊಲೊನೋಸ್ಕೊಪಿಗೆ ಜೊತೆ ಬಂದ ಮಾಂಗಾ ಬಳಗ

ನಲವತ್ತೇಳನೆಯ ವಯಸ್ಸಿನಲ್ಲಿ ನನಗೆ ಮಾಂಗಾ ಹುಚ್ಚು ಹಿಡಿಯಿತು. ಜಪಾನಿನ ಈ ಚಿತ್ರಕಥೆಗಳಲ್ಲಿ ಒಂದು ಬಗೆಯಿದೆ. ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು, ಹೆತ್ತವರು ಬೇಡವೆಂದ ಮಕ್ಕಳು, ಎಲ್ಲ ಸೇರಿ ಒಂದು ಪುಟ್ಟ ಬಾಡಿಗೆ ಮನೆ ಹಿಡಿದು, ಒಬ್ಬರಿಗೊಬ್ಬರು ಮನೆಮಂದಿಯಾಗಿ ಬದುಕುತ್ತಾರೆ. ಅವರು ಒಟ್ಟಿಗೆ ಊಟಕ್ಕೆ ಕೂರುವ ಪುಟ ಬಂದರೆ ಸಾಕು, ಅಮೆರಿಕದ ಸಮರ್‌ಸೆಟ್ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬನೇ ಕೂತು ಮೂಗು ಒರೆಸಿಕೊಳ್ಳುತ್ತಿದ್ದೆ.

ನಾನೂ ಗೇ. ಇದು ನನ್ನೊಬ್ಬನಿಗೇ ಗೊತ್ತಿರುವ ಪರಮ ರಹಸ್ಯವೆಂದು ನಂಬಿದ್ದೆ. ಭಾನುವಾರಗಳಂದು ಪಕ್ಕದ ಹ್ಯಾರಿಸನ್ ಊರಿಗೆ, ಮಾಂಗಾ ಓದುವವರ ಒಂದು ಗುಂಪಿಗೆ ಹೋಗತೊಡಗಿದ ಮೇಲೂ ಅಷ್ಟೆ. ಗುಂಪು ಸೇರುತ್ತಿದ್ದುದು ಧಾರವಾಡದ ಹುಡುಗಿಯೊಬ್ಬಳ ಮನೆಯಲ್ಲಿ. ಅವಳೂ ಅವಳ ಸಂಗಾತಿಯಾದ ಅಮೆರಿಕನ್ ಹುಡುಗಿಯೂ ಅಲ್ಲಿ ಸಂಸಾರ ಹೂಡಿದ್ದರು. ಅಲ್ಲಿಗೆ ಬರುವವರೆಲ್ಲ ತಮ್ಮ ಪ್ರೀತಿ, ಪ್ರಣಯ ಬಿಚ್ಚಿ ಮಾತಾಡುತ್ತಿದ್ದರು. ನಾನು ಮಾತ್ರ ಕನ್ನಡಕ ಸರಿಮಾಡಿಕೊಂಡು, "ನಾನು ಬರೋದು ಆರ್ಟ್‌ವರ್ಕ್‌ಗೋಸ್ಕರ" ಎಂದು ಗೆರೆ, ನೆರಳು, ಖಾಲಿ ಜಾಗದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಆ ಹುಡುಗಿ ನನ್ನನ್ನು ಅಂಕಲ್ ಎನ್ನುತ್ತಿದ್ದುದೊಂದೇ ನನಗಲ್ಲಿ ಇದ್ದ ಬೇಸರ.

ಹೀಗಿರುವಾಗ ಡಾಕ್ಟರು, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೊಪಿ ಮಾಡಿಸಿಕೊಳ್ಳಿ ಎಂದರು. ಅರಿವಳಿಕೆ ಕೊಡುವುದರಿಂದ ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬರಲೇಬೇಕು, ಟ್ಯಾಕ್ಸಿ ನಡೆಯುವುದಿಲ್ಲ. ನಿಮ್ಮ ಕಡೆಯಿಂದ ಯಾರು ಬರುತ್ತಾರೆ ಎಂದು ನರ್ಸ್ ಫೋನಿನಲ್ಲಿ ಕೇಳಿದಾಗ ಒಬ್ಬರ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಪಕ್ಕದ ಮನೆಯ ಆಂಟಿಯನ್ನು ಕರೆದರೆ ನನ್ನ ಕರುಳಿನ ಸಮಾಚಾರ ಸಂಜೆಯೊಳಗೆ ಊರಿನ ಕನ್ನಡಿಗರ ಮನೆಗಳಿಗೆಲ್ಲ ತಲುಪಿ, ಅದರ ಬೆನ್ನಿಗೇ ನನಗೊಂದು ಹೆಣ್ಣು ಹುಡುಕುವ ಕೆಲಸವೂ ಶುರುವಾಗುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು ಧಾರವಾಡದ ಹುಡುಗಿಗೆ ಫೋನ್ ಮಾಡಿದೆ.

"ಅದಕ್ಯಾಕ ಇಷ್ಟ ಸಂಕೋಚ ಅಂಕಲ್? ಇಬ್ರೂ ಬರ್ತೀವಿ," ಎಂದಳು.

ನನಗೆ ಎಚ್ಚರವಾದಾಗ ಇಬ್ಬರೂ ಮಂಚದ ಪಕ್ಕ ಕೂತು ಯಾವುದೋ ಮಾಂಗಾದ ಬಗ್ಗೆ ಜಗಳವಾಡುತ್ತಿದ್ದರು. ಅರಿವಳಿಕೆಯ ಮತ್ತು ಇನ್ನೂ ಇಳಿದಿರಲಿಲ್ಲ. ಹಿಂಬದಿ ತೆರೆದ ಆಸ್ಪತ್ರೆ ಗೌನಿನಲ್ಲೇ ಎದ್ದು ಕೂತು, ಸಭೆಯನ್ನು ಉದ್ದೇಶಿಸುವವನ ಹಾಗೆ ಕನ್ನಡದಲ್ಲಿ ಘೋಷಿಸಿದೆ: "ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೀನಿ. ನನಗೂ ಗಂಡಸರೇ ಇಷ್ಟ."

ಸಂಗಾತಿ ಏನೆಂದು ಕೇಳಿದಳು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. "ಓ, ದ್ಯಾಟ್," ಎಂದು ಆಕೆ ನನ್ನ ಶೂ ಹುಡುಕತೊಡಗಿದಳು.

"ಅಂಕಲ್, ಅದು ನಮಗ ಮೊದಲ ದಿನಾನ ಗೊತ್ತಾಗಿತ್ತು. ನಮಗ ಗೊತ್ತದ ಅನ್ನೋದು ನಿಮಗೂ ಗೊತ್ತದ ಅಂತ ತಿಳ್ಕೊಂಡಿದ್ವಿ. ಈಗ ಪ್ಯಾಂಟ್ ಹಾಕ್ಕೋರಿ."

ಅವಮಾನವಾಯಿತು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ರಹಸ್ಯಕ್ಕೆ ಒಂದು ಉದ್ಗಾರವಾದರೂ ಬೇಡವೇ? ಮಾಂಗಾದಲ್ಲಾಗಿದ್ದರೆ ಆ ಪುಟದ ತುಂಬ ಹೂವಿನ ಎಸಳು ಹಾರಾಡುತ್ತಿದ್ದವು. ನನಗೆ ಸಿಕ್ಕಿದ್ದು ಆಪಲ್ ಜ್ಯೂಸ್. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಒರಗಿದ ಮೇಲೆ ಅಳು ಬಂತು. ತಪ್ಪನ್ನು ಅರಿವಳಿಕೆಯ ಮೇಲೆ ಹಾಕಿ ಚೆನ್ನಾಗಿಯೇ ಅತ್ತೆ. ಹ್ಯಾರಿಸನ್‌ಗೆ ಕರೆದೊಯ್ದು ಮೆತ್ತನೆಯ ಅನ್ನ, ಸಾರು ಬಡಿಸಿದರು. ಸಾರು ಮಾಡಿದ್ದು ಅಮೆರಿಕನ್ ಹುಡುಗಿ, ಉಪ್ಪು ಮರೆತಿದ್ದಳು. ಮತ್ತೆ ಹಾಕಿಸಿಕೊಂಡು ತಿಂದೆ.

ಮಾರನೆಯ ದಿನ ಪರೀಕ್ಷೆ ಏನಾಯಿತೆಂದು ಕೇಳಲು ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು.

"ಯಾರೋ ನೋಡ್ಕೊಂಡಿದ್ದು ನಿನ್ನ?"

"ಮನೆಯವರು," ಎಂದುಬಿಟ್ಟೆ.

"ಮನೆಯವರಾ? ನಿಂಗ್ಯಾವಾಗೋ ಮದ್ವೆ ಆಯ್ತು?"

ಈಗ ನೆಪಕ್ಕೆ ಅರಿವಳಿಕೆಯ ಮತ್ತೂ ಉಳಿದಿರಲಿಲ್ಲ. ಆ ಇಬ್ಬರು ಯಾರು, ನಾನು ಎಂಥವನು, ಎಲ್ಲವನ್ನೂ ತಡವರಿಸುತ್ತ ಹೇಳಿದೆ. "ಒಲೆ ಆರಿಸಿ ಬರ್ತೀನಿ, ಇರು," ಎಂದು ಅಕ್ಕ ಎದ್ದು ಹೋದಳು.

"ಅದಿರ್ಲಿ. ಎಲ್ಲಾ ನಾರ್ಮಲ್ ತಾನೆ?" ಎಂದಳು ಬಂದವಳೇ.

"ಹೂಂ ಅಕ್ಕ, ನಾರ್ಮಲ್ಲೇ."

ಅವಳು ಕೇಳಿದ್ದು ಕರುಳಿನ ವಿಷಯವೋ, ನನ್ನ ವಿಷಯವೋ, ನಾನು ವಿಚಾರಿಸಲು ಹೋಗಲಿಲ್ಲ.