ನಕ್ಷತ್ರ ಹಾಕುವ ಸುಧಾಕರಣ್ಣ

ಸುಧಾಕರಣ್ಣನ ಕೈಗೆ ಸಿಕ್ಕ ಯಾವ ವಿಡಿಯೋವೂ ನಕ್ಷತ್ರವಿಲ್ಲದೆ ಹೊರಗೆ ಹೋದದ್ದಿಲ್ಲ. ಮದುಮಗಳ ಮೂಗುತಿ, ಗೃಹಪ್ರವೇಶದ ಮನೆಯ ಹೊಸ ನಲ್ಲಿ, ಕಂಬಳದ ಕೋಣನ ಕೊಂಬಿನ ತುದಿ, ಎಲ್ಲಿ ನೋಡಿದರೂ ಒಂದು ನಕ್ಷತ್ರ ಫಳ್ಳೆಂದು ಮಿನುಗಿ ಆರುತ್ತಿತ್ತು. ಕುಂದಾಪುರದ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಅವರ ವಿಡಿಯೋ ಎಡಿಟಿಂಗ್ ಅಂಗಡಿ. ಡಿಗ್ರಿ ಮುಗಿಸಿದ ನಾನು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಕೆಲಸ ಮಾಡುತ್ತಿದ್ದೆ.

ಮುಂಬೈಯ ನೆಂಟರ ಹೋಟೆಲಿನಲ್ಲಿ ದುಡಿದು ಬೇಸತ್ತು ಊರಿಗೆ ಮರಳಿದವರು ಅವರು. ಬರುವಾಗ ಒಂದು ಕಂಪ್ಯೂಟರನ್ನೂ 'ಏಕ್ದಂ', 'ಫಟಾಫಟ್' ಎಂಬ ಮಾತುಗಳನ್ನೂ ತಂದಿದ್ದರು. ಫಟಾಫಟ್ ಮಾತ್ರ ಬಾಯಿಮಾತು. ಒಂದು ನಕ್ಷತ್ರಕ್ಕೆ ಬೆಳಗ್ಗೆ ಕೂತರೆ ಊಟದ ಹೊತ್ತಾಗುತ್ತಿತ್ತು. ರೆಡಿಮೇಡ್ ನಕ್ಷತ್ರ ಹಾಕುವುದೆಂದರೆ ಅವರಿಗೆ ಮರ್ಯಾದೆಯ ಪ್ರಶ್ನೆ. ಮೊನೆಗಳನ್ನು ತಾವೇ ಬರೆದು, ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸಿ, ಕಾಪಿ ಮಾಡಿ, ಪ್ರತಿಯೊಂದನ್ನೂ ಟೈಮ್‌ಲೈನಿನಲ್ಲಿ ಒಂಚೂರು ಆಚೀಚೆ ಸರಿಸಬೇಕು. ನಾನು ಅವಸರದಲ್ಲಿ ಸರಿಸದೆ ಬಿಟ್ಟರೆ ಬೈಗುಳ ಗ್ಯಾರಂಟಿ.

"ಎಲ್ಲ ಒಟ್ಟಿಗೇ ಮಿಣ್ಕಿರೆ ಅದ್ ಆಕಾಶ ಅಲ್ಲ ಮಾರಾಯ್ತಿ, ಮದಿ ಮನೆ ಸೀರಿಯಲ್ ಲೈಟ್ ಸೆಟ್!"

ಒಮ್ಮೆ ಹಂಗಾರಕಟ್ಟೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಬಂದವರಿಗೆ ತೋರಿಸಲು ಮಕ್ಕಳು ಒಂದು ವಿಡಿಯೋ ಮಾಡಿಸಿದರು. ಗಂಭೀರವಾಗಿರಲಿ ಎಂದು ಒತ್ತಿ ಹೇಳಿದ್ದರು. ಸುಧಾಕರಣ್ಣ ಗಂಭೀರವಾಗಿಯೇ ಮಾಡಿದರು. ಕೊನೆಯ ಫೋಟೋದಲ್ಲಿ ಆ ಹಿರಿಯರ ಚಿನ್ನದ ಹಲ್ಲೊಂದು ಚೂರು ಕಾಣುತ್ತಿತ್ತು, ಅಷ್ಟೇ. ಚಪ್ಪರದಲ್ಲಿ ಎಲ್ಲರೂ ತಲೆತಗ್ಗಿಸಿ ನಿಂತಿದ್ದಾಗ ಪರದೆಯ ಮೇಲೆ ಆ ಹಲ್ಲು ಮಿಣಕ್ಕೆಂದಿತು. ಮಕ್ಕಳ ಮುಖ ಕೆಂಪಾಯಿತು. ಮೊದಲು ನಕ್ಕದ್ದು ತೀರಿಕೊಂಡವರ ಹೆಂಡತಿ.

"ಬದ್ಕಿಪ್ಪತಿಗೆ ಒಂದ್ ದಿನ ನನ್ನ್ ಕಂಡ್ ಹಲ್ ಬಿಟ್ಟವ್ರಲ್ಲ. ಈಗ ಕಾಣಿ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಜಗಳಕ್ಕೆಂದು ಅಂಗಡಿಗೆ ಬಂದ ಮಕ್ಕಳ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಆ ಅಮ್ಮ, ಅದನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು ಹೋದರು.

ಎಲ್ಲ ಕಡೆ ಹೀಗೆ ಬಚಾವಾಗಲಿಲ್ಲ. ವಂಡ್ಸೆ ಕಡೆಯ ಪುಢಾರಿಯೊಬ್ಬರ ಹುಟ್ಟುಹಬ್ಬಕ್ಕೆ ನಡುವೆ ಅವರ ಮುಖದ ದೊಡ್ಡ ನಕ್ಷತ್ರ, ಸುತ್ತ ಬೆಂಬಲಿಗರ ಮುಖದ ಸಣ್ಣ ನಕ್ಷತ್ರಗಳು ಎಂದು ತೀರ್ಮಾನವಾಯಿತು. ಪುಢಾರಿ ಅಂಗಡಿಗೇ ಬಂದು ನೋಡಿ ಹುಬ್ಬು ಗಂಟಿಕ್ಕಿದರು.

"ನಂದ್ ಎಂತಕೆ ಮಧ್ಯ ಮಧ್ಯ ಮಂಕ್ ಆತ್ತ್?"

"ಮಂಕ್ ಆಗ್ದೆ ಮಿಣ್ಕೂದ್ ಹ್ಯಾಂಗೆ? ಆಕಾಶದಗೂ ಹಾಂಗೇ ಅಲ್ದಾ?" ಎಂದರು ಸುಧಾಕರಣ್ಣ.

"ಆಕಾಶಕ್ಕೆ ಎಲೆಕ್ಷನ್ ಇಲ್ಲೆ ಮಾರಾಯ್ರೆ. ನಂಗಿತ್ತ್."

ದೊಡ್ಡ ನಕ್ಷತ್ರ ಮಿನುಗುವುದನ್ನು ನಿಲ್ಲಿಸಿತು. ಆಗ ಬೆಂಬಲಿಗರಿಗೆ ಕಳವಳ ಶುರುವಾಯಿತು. ಅವರಲ್ಲಿ ಹಿರಿಯನೆನಿಸಿಕೊಂಡವನು ಸುಧಾಕರಣ್ಣನ ಕಿವಿಯಲ್ಲಿ ಉಸುರಿದ: "ನಮ್ದೂ ನಿಲ್ಸಿ. ಅಣ್ಣನ ಬೆನ್ನ್ ಹಿಂದೆ ನಾವ್ ಕಣ್ಣ್ ಹೊಡ್ದಾಂಗೆ ಕಾಂತಿತ್ತ್."

ಅರ್ಧ ದಿನ ಕೂತು ಸುಧಾಕರಣ್ಣ ಒಂದೊಂದನ್ನೇ ನಿಲ್ಲಿಸಿದರು. "ಇದ್ ಆಕಾಶ ಅಲ್ಲ, ಗ್ರೂಪ್ ಫೋಟೋ," ಎಂದು ಗೊಣಗಿದರು. ಅವರು ಸಪ್ಪಗಾದದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ.

ಸಮಾರಂಭದಲ್ಲಿ ಪರದೆಯ ಮೇಲೆ ಏನೂ ಅಲುಗಾಡದ್ದನ್ನು ಕಂಡು, ವಿಡಿಯೋ ಹ್ಯಾಂಗ್ ಆಯಿತೆಂದು ಆಪರೇಟರ್ ವೈರ್ ಕಿತ್ತು ಮತ್ತೆ ಸಿಕ್ಕಿಸಿದ. ಮತ್ತೆ ಅದೇ. ಮತ್ತೆ ಕಿತ್ತ. ಪುಢಾರಿ ವೇದಿಕೆಯಲ್ಲಿ ಕೈಮುಗಿದುಕೊಂಡೇ ನಿಂತಿದ್ದರು. ಪರದೆಯಲ್ಲಿ ಆರಿ ಆರಿ ಹೊತ್ತಿಕೊಂಡದ್ದು ಕೊನೆಗೆ ಅವರ ಮುಖವೇ. ಆಮೇಲೆ ಆ ಕಡೆಯ ಮದುವೆಗಳು ನಮ್ಮ ಮೆಟ್ಟಿಲು ಹತ್ತಲಿಲ್ಲ.

ಮುಂದೆ ಸುಧಾಕರಣ್ಣನ ಕಣ್ಣಲ್ಲಿ ಪೊರೆ ಇರುವುದು ಗೊತ್ತಾಯಿತು. ಬಹಳ ವರ್ಷಗಳದ್ದಂತೆ. ಬೀದಿದೀಪಕ್ಕೂ ಲಾರಿಯ ಲೈಟಿಗೂ ಸುತ್ತ ಮೊನೆ ಮೂಡಿದಂತೆ ಕಾಣುತ್ತಿತ್ತಂತೆ, ಎಲ್ಲರಿಗೂ ಹಾಗೇ ಎಂದುಕೊಂಡಿದ್ದರು. ಆಪರೇಷನ್ ಆಗಿ ಚೇತರಿಸಿಕೊಂಡು ಅಂಗಡಿಗೆ ಬಂದವರು ಹಳೆಯ ಮದುವೆಯೊಂದನ್ನು ಹಾಕಿಸಿದರು. ನೋಡಿದರು. ಕಣ್ಣುಜ್ಜಿ ಮತ್ತೆ ನೋಡಿದರು.

"ಇದನ್ನ್ ಕಂಡ್ಕಂಡ್ ನೀವೆಲ್ಲ ಹ್ಯಾಂಗೆ ಸುಮ್ನಿದ್ರಿ?"

"ದಿನಾ ಹೇಳಿದ್ದೆ ಸುಧಾಕರಣ್ಣ, ನಕ್ಷತ್ರ ಜಾಸ್ತಿ ಆಯ್ತ್ ಅಂತ."

"ನಾನ್ ಅದ್ ಹೊಟ್ಟೆಕಿಚ್ಚ್ ಅಂದ್ಕಂಡಿದ್ದೆ!"

ಅಷ್ಟರಲ್ಲಿ ಮೊಬೈಲುಗಳೇ ಬೆರಳು ಒತ್ತಿದರೆ ರಾಶಿ ನಕ್ಷತ್ರ ಸುರಿಯತೊಡಗಿದ್ದವು. ಅವರು ಅಂಗಡಿಯ ಬಾಗಿಲು ಹಾಕಿದರು. ನಾನು ಬೇರೆ ಕೆಲಸ ಹಿಡಿದೆ.

ಅವರು ಕೊನೆಯ ಬಾರಿ ಸಿಕ್ಕಿದ್ದು ಬೈಂದೂರಿನ ಒಂದು ಮದುವೆಯಲ್ಲಿ. ದೊಡ್ಡ ಪರದೆಯ ಮೇಲೆ ವಧೂವರರ ಮೇಲೆ ಹೃದಯ, ಹೂವಿನೆಸಳು, ನಕ್ಷತ್ರಗಳ ಜಡಿಮಳೆ. ಸುಧಾಕರಣ್ಣ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಹೆಣ್ಣಿನ ಮುಖ ಕಾಂತಿತ್ತಾ ನಿಂಗೆ?"

"ಇಲ್ಲ."

"ನಂಗೀಗ ಕಣ್ಣ್ ಏಕ್ದಂ ಸರಿ ಇತ್ತ್. ಆದ್ರೂ ಕಾಂತಿಲ್ಲೆ. ತಡಿ, ಹತ್ರ ಹೋಯಿ ಕಂಡ್ಕ ಬತ್ತೆ."

ನೇರ ವೇದಿಕೆ ಹತ್ತಿ, ಕೈಗಳನ್ನು ಬೆನ್ನಿಗೆ ಕಟ್ಟಿ, ಮದುಮಗಳ ಎದುರು ನಿಂತುಬಿಟ್ಟರು. "ಹ್ವಾಯ್, ಅಡ್ಡ ಬಂದ್ರಿ! ಬದಿಗ್ ಬನ್ನಿ!" ಎಂದು ಕ್ಯಾಮರಾದವನು ಬೊಬ್ಬೆ ಹೊಡೆದ. ಅವರು ಕದಲಲಿಲ್ಲ.

ಆ ವರ್ಷ ಮಳೆ ಹಿಡಿಯುವ ಮೊದಲೇ ಸುಧಾಕರಣ್ಣ ತೀರಿಕೊಂಡರು. ಆ ಮದುವೆಯ ವಿಡಿಯೋದಲ್ಲಿ ಅವರಿದ್ದಾರೆ. ಬೆನ್ನು ಮಾತ್ರ, ವಧುವನ್ನು ಪೂರ್ತಿ ಮರೆಮಾಡಿಕೊಂಡು, ಬಹಳ ಹೊತ್ತು. ಅಷ್ಟನ್ನು ಕತ್ತರಿಸಿ ತೆಗೆಯಬೇಕೆಂದು ಯಾರಿಗೂ ಹೊಳೆದಿಲ್ಲ.