ಉಪ್ಪು ನೋಡುವ ಶಂಭುಲಿಂಗಪ್ಪ

ಎಂಬತ್ತರ ದಶಕದಲ್ಲಿ, ಗುಡಗೇರಿ ಬಾಜುವಿನ ಹಳ್ಳಿಯೊಂದರಲ್ಲಿ, ಅಂಗನವಾಡಿಯ ಕಿಚಡಿ ಬೆಂದ ಸುದ್ದಿ ಮಕ್ಕಳಿಗಿಂತ ಮೊದಲು ಮುಟ್ಟುತ್ತಿದ್ದುದು ಶಂಭುಲಿಂಗಪ್ಪ ಕಾಕಾನ ಮೂಗಿಗೆ. ಮನೆಯಲ್ಲಿ ಹಯನಿತ್ತು, ಕಣಜ ತುಂಬ ಜೋಳವಿತ್ತು. ಆದರೂ ಧೋತರದ ಚುಂಗು ಎತ್ತಿ ಹಿಡಿದು ಬಂದು, ಹಾದುಹೋಗುವವರಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಕೂತು, "ದುರಗವ್ವಾ, ಉಪ್ಪು ನೋಡಿ ಹೇಳತೇನಿ, ಒಂದೀಟ ಹಾಕು" ಎನ್ನುತ್ತಿದ್ದ. ಒಂದೀಟು ಎಂದರೆ ಬೋಗುಣಿ ತುಂಬ. ತಿಂದು ಮೀಸೆ ಒರೆಸಿಕೊಂಡು, "ಅಗದಿ ಸಪ್ಪಗ ಆಗೇತಿ" ಎಂದು ತೀರ್ಪು ಕೊಟ್ಟು, ಖಾತ್ರಿಗೆಂದು ಮತ್ತೆ ಹಾಕಿಸಿಕೊಂಡು, "ಈಗ ನೆಟ್ಟಗಾತು" ಎನ್ನುತ್ತಿದ್ದ. ಅಲ್ಲಿಂದೆದ್ದು ಓಣಿ ಓಣಿ ತಿರುಗಿ, "ಶೇಂಗಾ ಇಲ್ಲದ ಕಿಚಡಿ ತಿಂದು ಹುಡುಗ್ರು ಹ್ಯಾಂಗ ಬೆಳೀಬೇಕಬೇ?" ಎಂದು ಗೊಣಗಿ, ಒಂದು ಮನೆಯಿಂದ ಶೇಂಗಾ, ಇನ್ನೊಂದರಿಂದ ಬೆಲ್ಲ ಕಿತ್ತುಕೊಂಡೇ ಬರುತ್ತಿದ್ದ. ಕೂಸುಗಳ ಪಾಲು ತಿನ್ನುವ ಮುದುಕನೆಂದು ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅಡುಗೆಯ ದುರಗವ್ವ ಮಾತ್ರ ನಗುತ್ತಿರಲಿಲ್ಲ. ಅಂಗನವಾಡಿ ತೆರೆದ ಹೊಸದರಲ್ಲಿ, ದಲಿತರ ಕೇರಿಯವಳ ಕೈ ಅಡುಗೆಯೆಂದು ಮೇಲಿನ ಓಣಿಯವರು ಮಕ್ಕಳನ್ನು ಕಳಿಸದೆ, ಕಿಚಡಿ ಪಾತ್ರೆಯಲ್ಲೇ ಆರಿ ಹೋಗುತ್ತಿದ್ದಾಗ, ಉಪ್ಪು ನೋಡುವ ನೆವ ಹೂಡಿ ಆ ಕಟ್ಟೆಯ ಮೇಲೆ ಮೊದಲು ಕೂತು ಉಂಡವನು ಅದೇ ಓಣಿಯ ಈ ಕಾಕಾ. ಅವನ ಬೆನ್ನಿಗೆ ಅವನ ಮೊಮ್ಮಕ್ಕಳು ಬಂದರು, ಅವರ ಬೆನ್ನಿಗೆ ಓಣಿಯೇ ಬಂತು. ಈಗ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಯಾರೂ ಬಂದು ಉಪ್ಪು ನೋಡುವ ಗರಜು ಉಳಿದಿರಲಿಲ್ಲ. ದುರಗವ್ವ ಮಾತ್ರ ದಿನಾ ಪಾತ್ರೆಗೆ ಉಪ್ಪು ಹಾಕುವ ಮೊದಲೇ ಒಂದು ಬೋಗುಣಿ ಕಿಚಡಿ ತೆಗೆದಿಟ್ಟು, ಕಾಕಾ ಬಂದು "ಸಪ್ಪಗ ಆಗೇತಿ" ಎಂದು ಗೊಣಗುವುದನ್ನೇ ಕಾಯುತ್ತಿದ್ದಳು.